ಹಾಡಿನ ನಡುವೆ ‘ಪಟ್’, ‘ಕರಕರ’: ಆಡಿಯೊ ಫೈಲ್‌ನ ದೋಷ ಹುಡುಕಿ ಸರಿಪಡಿಸುವ ಕ್ರಮ

ಕ್ಯಾಸೆಟ್‌ನಿಂದ ಕಂಪ್ಯೂಟರಿಗೆ ಇಳಿಸಿದ ಹರಿಕಥೆ, ಫೋನಿನಲ್ಲಿ ಹಿಡಿದ ತಾಳಮದ್ದಳೆ, ಪೆನ್‌ಡ್ರೈವ್‌ನಲ್ಲಿ ಯಾರೋ ಕೊಟ್ಟ ಕಛೇರಿ. ಕೇಳುತ್ತ ಕೂತರೆ ನಡುನಡುವೆ ಪಟ್ ಅನ್ನುತ್ತದೆ, ಕರಕರ ಅನ್ನುತ್ತದೆ, ಒಂದೆಡೆ ಗಕ್ಕನೆ ನಿಂತು ಮುಂದಕ್ಕೆ ಹಾರುತ್ತದೆ. ಆಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶ ತೆರೆದು, ಇಡೀ ಫೈಲ್ ಆಯ್ದುಕೊಂಡು, ‘ನಾಯ್ಸ್ ರಿಡಕ್ಷನ್’ ಒತ್ತಿ, ಅದೇ ಹೆಸರಿನಲ್ಲಿ ಉಳಿಸುವುದು. ಪಟ್ ಸದ್ದು ಇದ್ದಲ್ಲೇ ಇರುತ್ತದೆ. ಭಾಗವತರ ದನಿ ಮಾತ್ರ ಕೊಡದೊಳಗೆ ಬಾಯಿಟ್ಟು ಹಾಡಿದ ಹಾಗಾಗುತ್ತದೆ. ಮೂಲ ಫೈಲ್ ಹೋಗಿರುವುದರಿಂದ ಹಿಂದಿರುಗುವ ದಾರಿಯೂ ಇಲ್ಲ.

ಇಲ್ಲಿ ಕೆಡುವುದು ಕ್ರಮದಲ್ಲಿ. ದೋಷ ಎಲ್ಲಿದೆ ಎಂದು ಗೊತ್ತಾಗಬೇಕು, ಅದು ಯಾವ ಜಾತಿಯದು ಎಂದು ಗೊತ್ತಾಗಬೇಕು, ಆಮೇಲೆ ಎಫೆಕ್ಟ್ ಮುಟ್ಟಬೇಕು. ಕೆಳಗಿನ ಹಂತಗಳನ್ನು ಹಿಂದುಮುಂದು ಮಾಡಬೇಡಿ. ವಿವರಗಳು ವಿಂಡೋಸ್ ಕಂಪ್ಯೂಟರಿಗೆ ಹೊಂದುವಂತಿವೆ.

## ಬೇಕಾಗುವ ಸಲಕರಣೆ

ಎಲ್ಲವೂ ಉಚಿತ. ಅಲೆ ನೋಡಲು, ತಿದ್ದಲು ಆಡಾಸಿಟಿ. ಫೈಲ್ ಒಳಗೆ ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸಲು ಫೂಬಾರ್2000 ಎಂಬ ಪ್ಲೇಯರ್ ಮತ್ತು ಅದಕ್ಕೆ ಸೇರಿಸುವ ‘ಫೈಲ್ ಇಂಟಿಗ್ರಿಟಿ ವೆರಿಫೈಯರ್’ ಎಂಬ ಘಟಕ. ಹೋಲಿಕೆಗೆ ವಿಎಲ್‌ಸಿ ಪ್ಲೇಯರ್. ಕಂಪ್ಯೂಟರಿನ ಡ್ರೈವರ್‌ಗಳನ್ನು (ಯಂತ್ರದ ಭಾಗಗಳನ್ನು ನಡೆಸುವ ತಂತ್ರಾಂಶಗಳನ್ನು) ಅಳೆಯಲು ಲೇಟೆನ್ಸಿಮಾನ್, ಹಾರ್ಡ್‌ಡಿಸ್ಕ್ ಆರೋಗ್ಯ ನೋಡಲು ಕ್ರಿಸ್ಟಲ್‌ಡಿಸ್ಕ್‌ಇನ್ಫೊ.

ಇವೆಲ್ಲಕ್ಕಿಂತ ಮುಖ್ಯ, ವೈರ್ ಇರುವ ಒಂದು ಸಾಧಾರಣ ಇಯರ್‌ಫೋನ್. ಬ್ಲೂಟೂತ್‌ನಲ್ಲಿ ಕೇಳಿ ಫೈಲ್‌ನ ದೋಷ ತೀರ್ಮಾನಿಸಲು ಆಗದು. ಜೊತೆಗೆ ಒಂದು ಕಾಗದ, ಪೆನ್ನು.

## ಹಂತ 1: ಮೂಲ ಫೈಲನ್ನು ಬೇರೆ ಕಡೆ ಇಡಿ

ಫೈಲನ್ನು ಪೆನ್‌ಡ್ರೈವ್ ಅಥವಾ ಮೆಮೊರಿ ಕಾರ್ಡ್‌ನಿಂದ ನೇರ ತೆರೆಯಬೇಡಿ. ಮೊದಲು ಕಂಪ್ಯೂಟರಿನ ಡಿಸ್ಕ್‌ಗೆ ನಕಲು ಮಾಡಿ. ಮೂಲಕ್ಕೆ ‘ಮೂಲ’ ಎಂದೇ ಹೆಸರಿನ ಫೋಲ್ಡರ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ‘ರೀಡ್ ಓನ್ಲಿ’ ಗುರುತು ಹಾಕಿ. ಕೆಲಸವೆಲ್ಲ ಇನ್ನೊಂದು ನಕಲಿನ ಮೇಲೆ.

ನಕಲು ಮಾಡುವಾಗಲೇ ಕಣ್ಣಿಡಿ. ಸರಾಗವಾಗಿ ಸಾಗುತ್ತಿದ್ದ ನಕಲು ಒಂದೆಡೆ ಇದ್ದಕ್ಕಿದ್ದಂತೆ ತೆವಳಿದರೆ, ‘ಸಿಆರ್‌ಸಿ ಎರರ್’ (ಓದಿದ ಮಾಹಿತಿ ತಾಳೆಯಾಗದ ದೋಷ) ಬಂದರೆ, ತಪ್ಪು ಹಾಡಿನದಲ್ಲ, ಡಿಸ್ಕ್‌ನದು. ಆಗ ಉಳಿದ ಹಂತಗಳನ್ನು ಬಿಟ್ಟು, ಆ ಡಿಸ್ಕ್‌ನಲ್ಲಿರುವ ಬೇರೆ ಫೈಲ್‌ಗಳನ್ನು ಮೊದಲು ಹೊರತೆಗೆಯಿರಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೊದಲ್ಲಿ 05, ಸಿ5, ಸಿ6 ಎಂಬ ಮೂರು ಸಾಲು ನೋಡಿ; ಡಿಸ್ಕ್‌ನಲ್ಲಿ ಕೆಟ್ಟ ಜಾಗಗಳ ಎಣಿಕೆ ಇವು. ಹಾರ್ಡ್‌ಡಿಸ್ಕ್‌ನಲ್ಲಿ ಇವುಗಳ ಎಣಿಕೆ ಸೊನ್ನೆಗಿಂತ ಮೇಲಿದ್ದರೆ, ಅದೂ ವಾರದಿಂದ ವಾರಕ್ಕೆ ಏರುತ್ತಿದ್ದರೆ, ಡಿಸ್ಕ್ ಬದಲಿಸುವ ಕಾಲ ಬಂದಿದೆ.

ಕಡಿಮೆ ಬೆಲೆಗೆ ಸಿಕ್ಕ ಮೆಮೊರಿ ಕಾರ್ಡ್ ಇನ್ನೊಂದು ಕತೆ. ಮೇಲೆ 64 ಜಿಬಿ ಎಂದು ಬರೆದಿದ್ದು ಒಳಗೆ 8 ಜಿಬಿ ಮಾತ್ರ ಇರುವ ಕಾರ್ಡ್‌ಗಳು ಮಾರುಕಟ್ಟೆಯಲ್ಲಿವೆ. ಮೊದಮೊದಲು ತುಂಬಿದ ಹಾಡುಗಳು ಸರಿ ಇರುತ್ತವೆ, ಆಮೇಲಿನವೆಲ್ಲ ಕಸ. ಖಾಲಿ ಮಾಡಿದ ಕಾರ್ಡನ್ನು ಎಚ್2ಟೆಸ್ಟ್‌ಡಬ್ಲ್ಯೂ ಎಂಬ ತಂತ್ರಾಂಶದಿಂದ ಪೂರ್ತಿ ಬರೆದು ಓದಿಸಿದರೆ ಸತ್ಯ ಹೊರಬರುತ್ತದೆ.

## ಹಂತ 2: ತಪ್ಪು ಫೈಲ್‌ನದೋ, ಕಂಪ್ಯೂಟರಿನದೋ

ಇಡೀ ಕೆಲಸದಲ್ಲಿ ಇದೇ ನಿರ್ಣಾಯಕ ಹಂತ, ಎಲ್ಲರೂ ಹಾರಿಸುವುದೂ ಇದನ್ನೇ.

ಇಯರ್‌ಫೋನ್ ಹಾಕಿ, ದೋಷ ಕೇಳಿದ ಮೂರು ಜಾಗಗಳ ನಿಮಿಷ, ಸೆಕೆಂಡನ್ನು ಕಾಗದದಲ್ಲಿ ಬರೆಯಿರಿ. ಪ್ರತಿ ಜಾಗಕ್ಕೆ ಹತ್ತು ಸೆಕೆಂಡ್ ಹಿಂದೆ ಹೋಗಿ ಮೂರು ಸಲ ನುಡಿಸಿ.

ಮೂರು ಸಲವೂ ಅದೇ ಸೆಕೆಂಡಿನಲ್ಲಿ ಪಟ್ ಅಂದರೆ ದೋಷ ಫೈಲ್‌ನಲ್ಲಿದೆ, ಹಂತ 4ಕ್ಕೆ ಹೋಗಿ. ಒಮ್ಮೆ 2:14ರಲ್ಲಿ, ಇನ್ನೊಮ್ಮೆ 2:31ರಲ್ಲಿ, ಮತ್ತೊಮ್ಮೆ ಬರಲೇ ಇಲ್ಲ ಎಂದಾದರೆ ಫೈಲ್ ನಿರ್ದೋಷಿ. ಹಂತ 3ಕ್ಕೆ ಹೋಗಿ.

ನಡುವಿನ ಒಂದು ಪ್ರಕರಣ ಹಲವರನ್ನು ದಾರಿ ತಪ್ಪಿಸುತ್ತದೆ. ವಿಎಲ್‌ಸಿಯಲ್ಲಿ ಚೆನ್ನಾಗಿ ನುಡಿಯುವ ಎಂಪಿ3, ಕಾರಿನ ಸ್ಟೀರಿಯೊದಲ್ಲಿ ಒಂದೇ ಜಾಗದಲ್ಲಿ ಮುಗ್ಗರಿಸುತ್ತದೆ. ವಿಎಲ್‌ಸಿ ಉದಾರಿ, ಮುರಿದ ತುಣುಕನ್ನು ಸದ್ದಿಲ್ಲದೆ ದಾಟಿಕೊಂಡು ಹೋಗುತ್ತದೆ. ಆದ್ದರಿಂದ ‘ವಿಎಲ್‌ಸಿಯಲ್ಲಿ ಬರುತ್ತದಲ್ಲ’ ಎಂಬುದು ಫೈಲ್ ಸರಿಯಿದೆ ಎನ್ನಲು ಸಾಕ್ಷಿಯಾಗದು.

ಅನುಮಾನ ಉಳಿದರೆ ಫೈಲನ್ನು ಆಡಾಸಿಟಿಯಲ್ಲಿ ತೆರೆದು ಬರೆದಿಟ್ಟ ಜಾಗಕ್ಕೆ ಹೋಗಿ ದೊಡ್ಡದು ಮಾಡಿ ನೋಡಿ. ಕಿವಿಗೆ ಪಟ್ ಕೇಳಿದ ಕಡೆ ಅಲೆ ನುಣುಪಾಗಿದ್ದರೆ ಆ ಸದ್ದು ಫೈಲ್‌ನಿಂದ ಬಂದದ್ದಲ್ಲ.

## ಹಂತ 3: ಜಾಗ ಬದಲಾಗುವ ದೋಷ

ಸೌಂಡ್ ಕಾರ್ಡ್‌ಗೆ ಮುಂದಿನ ಕಂತು ಹೊತ್ತಿಗೆ ಸರಿಯಾಗಿ ಸಿಗದಿದ್ದರೆ ಸದ್ದು ತುಂಡಾಗುತ್ತದೆ. ಪ್ರೊಸೆಸರ್ ನಿಧಾನವಾದ್ದರಿಂದ ಹೀಗಾಗುವುದು ಕಡಿಮೆ. ಯಾವುದೋ ಡ್ರೈವರ್ ಕೆಲವು ಮಿಲಿಸೆಕೆಂಡ್ ಕಾಲ ಪ್ರೊಸೆಸರನ್ನು ಹಿಡಿದುಕೊಂಡು ಕೂರುವುದೇ ಹೆಚ್ಚು.

ಈ ಸರದಿಯಲ್ಲಿ ನೋಡಿ, ಪ್ರತಿ ಬದಲಾವಣೆಯ ನಂತರ ಐದು ನಿಮಿಷ ಕೇಳಿ. ಎರಡು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ.

1. ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ಕೇಳಿ. ಗುಂಯ್ ಎಂಬ ಸದ್ದು ತಕ್ಷಣ ನಿಂತರೆ ಅದು ಅರ್ತಿಂಗ್ ಸಮಸ್ಯೆ. ಎರಡು ಪಿನ್ನಿನ ಚಾರ್ಜರ್ ಇರುವಲ್ಲಿ, ಅರ್ತಿಂಗ್ ಇಲ್ಲದ ಎಕ್ಸ್‌ಟೆನ್ಷನ್ ಬೋರ್ಡ್‌ನಲ್ಲಿ ಇದು ಸಾಮಾನ್ಯ. ಸರಿಯಾದ ಮೂರು ಪಿನ್ ಸಾಕೆಟ್‌ಗೆ ಹಾಕಿ. ಕಂಪ್ಯೂಟರ್, ಆಂಪ್ಲಿಫೈಯರ್ ಎರಡನ್ನೂ ಒಂದೇ ಬೋರ್ಡ್‌ಗೆ ಕೊಡಿ. ಸದ್ದು ಹೋಗಲಿ ಎಂದು ಅರ್ತ್ ಪಿನ್ ಮುರಿಯುವವರಿದ್ದಾರೆ. ಅದು ಪ್ರಾಣಕ್ಕೆ ಅಪಾಯ.

2. ಬ್ಲೂಟೂತ್ ಬಿಟ್ಟು ವೈರ್‌ನಲ್ಲಿ ಕೇಳಿ. ಬ್ಲೂಟೂತ್ ಮತ್ತು ಹಲವು ಮನೆಗಳ ವೈಫೈ ಎರಡೂ 2.4 ಗಿಗಾಹರ್ಟ್ಸ್‌ನಲ್ಲೇ ಓಡಾಡುತ್ತವೆ. ಯುಎಸ್‌ಬಿ 3 ಹಾರ್ಡ್‌ಡಿಸ್ಕ್ ಕೂಡ ಅದೇ ಪಟ್ಟಿಯಲ್ಲಿ ಗಲಾಟೆ ಎಬ್ಬಿಸುತ್ತದೆ. ಹಾರ್ಡ್‌ಡಿಸ್ಕನ್ನು ಬ್ಲೂಟೂತ್ ಡಾಂಗಲ್‌ನಿಂದ ದೂರವಿಡಿ, ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿ. ದನಿ ಇದ್ದಕ್ಕಿದ್ದಂತೆ ಹಳೆಯ ಟೆಲಿಫೋನಿನಂತೆ ಕುಗ್ಗಿದರೆ ಯಾವುದೋ ಆ್ಯಪ್ ಹೆಡ್‌ಸೆಟ್‌ನ ಮೈಕನ್ನು ತೆರೆದಿದೆ. ಆಗ ಬ್ಲೂಟೂತ್ ಮೊನೊ ಕರೆಯ ಸ್ಥಿತಿಗೆ ಇಳಿಯುತ್ತದೆ. ಮೀಟಿಂಗ್ ಆ್ಯಪ್ ಮುಚ್ಚಿ.

3. ವಿಂಡೋಸ್‌ನ ಸೌಂಡ್ ಸೆಟ್ಟಿಂಗ್‌ನಲ್ಲಿ ನಿಮ್ಮ ಸ್ಪೀಕರ್ ತೆರೆದು ‘ಆಡಿಯೊ ಎನ್‌ಹಾನ್ಸ್‌ಮೆಂಟ್ಸ್’ ಆಫ್ ಮಾಡಿ. ಲ್ಯಾಪ್‌ಟಾಪ್ ಕಂಪನಿಗಳು ತುಂಬಿಸಿಕೊಡುವ ಸೌಂಡ್ ಸುಧಾರಕಗಳು ಸುಧಾರಿಸುವುದಕ್ಕಿಂತ ಕೆಡಿಸುವುದೇ ಹೆಚ್ಚು.

4. ಅಲ್ಲೇ ‘ಡೀಫಾಲ್ಟ್ ಫಾರ್ಮ್ಯಾಟ್’ 24 ಬಿಟ್, 48000 ಹರ್ಟ್ಸ್ ಇರಲಿ. 192000 ಇಟ್ಟರೆ ದನಿ ಚಂದವಾಗುವುದಿಲ್ಲ, ಯಂತ್ರಕ್ಕೆ ಹೊರೆ ಮಾತ್ರ.

5. ಯುಎಸ್‌ಬಿ ಸೌಂಡ್ ಕಾರ್ಡ್ ಇದ್ದರೆ ಹಬ್ ಬಿಟ್ಟು ನೇರ ಕಂಪ್ಯೂಟರಿಗೆ ಚುಚ್ಚಿ. ಪವರ್ ಆಪ್ಷನ್ಸ್‌ನಲ್ಲಿ ‘ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್’ ಡಿಸೇಬಲ್ ಮಾಡಿ.

6. ಇಷ್ಟಾದರೂ ತುಂಡಾದರೆ ಲೇಟೆನ್ಸಿಮಾನ್ ಓಡಿಸಿ. ಹಾಡು ಹಾಕಿಕೊಂಡು ಹತ್ತು ನಿಮಿಷ ಬಿಡಿ. ‘ಡ್ರೈವರ್ಸ್’ ಹಾಳೆಯಲ್ಲಿ ಅತಿ ಹೆಚ್ಚು ಹೊತ್ತು ತಿಂದದ್ದು ಯಾವುದು ನೋಡಿ. ಪದೇಪದೇ ಮೇಲೆ ಬರುವವು ನೆಟ್‌ವರ್ಕ್, ಬ್ಯಾಟರಿ, ಗ್ರಾಫಿಕ್ಸ್ ಡ್ರೈವರ್‌ಗಳು. ವೈಫೈ ಆಫ್ ಮಾಡಿ ಮತ್ತೆ ಅಳೆಯಿರಿ. ವ್ಯತ್ಯಾಸ ಕಂಡರೆ ಆ ಡ್ರೈವರನ್ನು ಲ್ಯಾಪ್‌ಟಾಪ್ ತಯಾರಕರ ತಾಣದಿಂದ ಹೊಸದು ಮಾಡಿ.

## ಹಂತ 4: ಫೈಲ್ ಒಳಗೆ ಮುರಿದಿದೆಯೇ

ಜಾಗ ಬದಲಾಗದ ದೋಷಕ್ಕೆ ಎರಡು ಕಾರಣ ಇರಬಹುದು. ದನಿ ರೆಕಾರ್ಡ್ ಆಗುವಾಗಲೇ ಕೆಟ್ಟಿರಬಹುದು. ಇಲ್ಲವೇ ಚೆನ್ನಾಗಿದ್ದ ಫೈಲ್ ಆಮೇಲೆ ಮುರಿದಿರಬಹುದು: ಅರ್ಧಂಬರ್ಧ ಡೌನ್‌ಲೋಡ್, ನಕಲು ನಡೆಯುತ್ತಿರುವಾಗಲೇ ಕಿತ್ತ ಪೆನ್‌ಡ್ರೈವ್, ನಡುವೆ ಹೋದ ಕರೆಂಟು. ಮುರಿದ ಫೈಲಾದರೆ ಉತ್ತಮ ಚಿಕಿತ್ಸೆ ಎಂದರೆ ಕೊಟ್ಟವರಿಂದ ಮತ್ತೆ ನಕಲು ತರುವುದು. ಇದನ್ನು ಕೇಳದೆ ಗಂಟೆಗಟ್ಟಲೆ ತಿದ್ದುವುದು ವ್ಯರ್ಥ.

ಫೂಬಾರ್2000ರಲ್ಲಿ ಫೈಲ್ ಮೇಲೆ ಬಲ ಕ್ಲಿಕ್ ಮಾಡಿ, ‘ಯುಟಿಲಿಟೀಸ್’ ಒಳಗೆ ‘ವೆರಿಫೈ ಇಂಟಿಗ್ರಿಟಿ’ ಒತ್ತಿ. ಫ್ಲ್ಯಾಕ್ (ದನಿ ಸವೆಯದಂತೆ ಗಾತ್ರ ಕುಗ್ಗಿಸುವ ಬಗೆ) ಫೈಲಾದರೆ ಉತ್ತರ ಖಚಿತ, ಏಕೆಂದರೆ ಫ್ಲ್ಯಾಕ್ ತನ್ನೊಳಗೇ ಮೂಲ ದನಿಯ ಎಂಡಿ5 ಮೊಹರನ್ನು ಇಟ್ಟುಕೊಂಡಿರುತ್ತದೆ. ಮೊಹರು ಹೊಂದಿಯೂ ಪಟ್ ಕೇಳಿದರೆ, ಫ್ಲ್ಯಾಕ್ ಮಾಡುವ ಮೊದಲೇ ಪಟ್ ಇತ್ತು.

ಎಂಪಿ3ಗೆ ಅಂಥ ಮೊಹರಿಲ್ಲ. ಅದು ಚಿಕ್ಕ ಚಿಕ್ಕ ಫ್ರೇಮ್‌ಗಳ ಸರಪಣಿ; 44100 ಹರ್ಟ್ಸ್‌ನ ಫೈಲ್‌ನಲ್ಲಿ ಒಂದೊಂದು ಫ್ರೇಮ್‌ನಲ್ಲಿ 1152 ಸ್ಯಾಂಪಲ್ (ದನಿಯ ಬಿಡಿ ಅಳತೆಗಳು), ಅಂದರೆ ಸುಮಾರು 26 ಮಿಲಿಸೆಕೆಂಡ್. ಒಂದು ಫ್ರೇಮ್‌ನ ಮಾಹಿತಿಯ ಒಂದು ಪಾಲು ಹಿಂದಿನ ಫ್ರೇಮ್‌ಗಳಲ್ಲಿ ಅಡಗಿರಬಹುದಾದ್ದರಿಂದ, ಒಂದು ಕೆಟ್ಟರೆ ಪಕ್ಕದ್ದೂ ಕೆಡುತ್ತದೆ. ಕಿವಿಗೆ ಇದು ‘ಚಿರ್ರ್’ ಅಥವಾ ಹಕ್ಕಿಯ ಚಿಲಿಪಿಲಿಯಂತೆ ಕೇಳುತ್ತದೆ.

ಸರಪಣಿ ಸರಿಪಡಿಸಲು ಅದೇ ‘ಯುಟಿಲಿಟೀಸ್’ ಒಳಗಿನ ‘ರೀಬಿಲ್ಡ್ ಎಂಪಿ3 ಸ್ಟ್ರೀಮ್’ ಬಳಸಿ. ನಾಲ್ಕು ನಿಮಿಷದ ಹಾಡು ಹನ್ನೆರಡು ನಿಮಿಷ ಎಂದು ತೋರಿಸುತ್ತಿದ್ದರೆ, ಮುಂದಕ್ಕೆ ಎಳೆದಾಗ ಎಲ್ಲೆಲ್ಲೋ ಹೋಗಿ ಬೀಳುತ್ತಿದ್ದರೆ ‘ಫಿಕ್ಸ್ ವಿಬಿಆರ್ ಎಂಪಿ3 ಹೆಡರ್’ ಸಾಕು. ಎರಡೂ ದನಿಯನ್ನು ಮತ್ತೆ ಎನ್‌ಕೋಡ್ ಮಾಡುವುದಿಲ್ಲ (ಹೊಸದಾಗಿ ಕುಗ್ಗಿಸುವುದಿಲ್ಲ), ಗುಣಮಟ್ಟ ಇಳಿಯುವುದಿಲ್ಲ. ಇವನ್ನೂ ನಕಲಿನ ಮೇಲೆಯೇ ಮಾಡಿ, ಫೈಲ್‌ನ ಮೇಲೇ ಬರೆಯುತ್ತವೆ.

### ತೆರೆಯದೇ ಇರುವ ಫೈಲ್

ರೆಕಾರ್ಡರ್‌ನ ಬ್ಯಾಟರಿ ಸತ್ತಾಗ ವೇವ್ ಫೈಲ್‌ನ ತಲೆಬರಹದಲ್ಲಿ ‘ಉದ್ದ ಸೊನ್ನೆ’ ಎಂದು ಉಳಿದಿರುತ್ತದೆ. ಒಳಗೆ ದನಿ ಪೂರ್ತಿ ಇದ್ದರೂ ಪ್ಲೇಯರ್ ‘ಖಾಲಿ’ ಎನ್ನುತ್ತದೆ. ಫೈಲ್‌ನ ಗಾತ್ರ ನೋಡಿ: ಸಿಡಿ ಗುಣಮಟ್ಟದ ಸ್ಟೀರಿಯೊ ನಿಮಿಷಕ್ಕೆ ಸುಮಾರು 10 ಎಂಬಿ. ಲೆಕ್ಕ ತಾಳೆಯಾದರೆ ದನಿ ಒಳಗಿದೆ.

ಆಡಾಸಿಟಿಯಲ್ಲಿ ‘ಫೈಲ್, ಇಂಪೋರ್ಟ್, ರಾ ಡೇಟಾ’. ‘ಸೈನ್ಡ್ 16 ಬಿಟ್ ಪಿಸಿಎಂ’, ‘ಲಿಟ್ಲ್ ಎಂಡಿಯನ್’, ಸ್ಟೀರಿಯೊ, 44100 ಅಥವಾ 48000, ಆರಂಭದ ಆಫ್‌ಸೆಟ್ 44 ಬೈಟ್ ಕೊಟ್ಟು ನೋಡಿ. ಇಯರ್‌ಫೋನ್ ಕಿವಿಯಿಂದ ತೆಗೆದಿಟ್ಟು, ವಾಲ್ಯೂಮ್ ತಗ್ಗಿಸಿ ನುಡಿಸಿ. ಒಂದು ಆಯ್ಕೆ ತಪ್ಪಿದರೂ ಪೂರ್ಣ ಶಬ್ದದ ‘ಭುಸ್’ ಬರಬಹುದು. ಭುಸ್ ಬಂದರೆ ಆಫ್‌ಸೆಟ್ ಒಂದು ಬೈಟ್ ಸರಿಸಿ, ಇಲ್ಲವೇ 24 ಬಿಟ್ ಪ್ರಯತ್ನಿಸಿ. ಮಾತು ಕೇಳಿ ವೇಗ ಮಾತ್ರ ತಪ್ಪಿದ್ದರೆ ಸ್ಯಾಂಪಲ್ ರೇಟ್ ಬದಲಿಸಿ.

ಫೋನಿನ ಎಂ4ಎ ಹೀಗೆ ನಿಂತರೆ ಕಷ್ಟ ಹೆಚ್ಚು. ಅದರ ಸೂಚಿ ಸಾಮಾನ್ಯವಾಗಿ ರೆಕಾರ್ಡಿಂಗ್ ಮುಗಿದಾಗಷ್ಟೇ ಬರೆಯಲ್ಪಡುತ್ತದೆ. ಅನ್‌ಟ್ರಂಕ್ ಎಂಬ ತಂತ್ರಾಂಶ ಸೂಚಿಯನ್ನು ಮತ್ತೆ ಕಟ್ಟಬಲ್ಲದು, ಆದರೆ ಅದೇ ಫೋನು, ಅದೇ ಆ್ಯಪ್, ಅದೇ ಸೆಟ್ಟಿಂಗ್‌ನಲ್ಲಿ ಮಾಡಿದ ಒಂದು ಒಳ್ಳೆಯ ರೆಕಾರ್ಡಿಂಗ್ ಮಾದರಿಯಾಗಿ ಬೇಕು.

ಇನ್ನು ಇಡೀ ರಾತ್ರಿಯ ಯಕ್ಷಗಾನ ಹಿಡಿಯುವವರಿಗೆ ಒಂದು ಲೆಕ್ಕ. ಸಾಮಾನ್ಯ ವೇವ್ ಫೈಲ್ 4 ಜಿಬಿ ದಾಟಲಾರದು. 44100, 16 ಬಿಟ್ ಸ್ಟೀರಿಯೊದಲ್ಲಿ ಅದು ಆರೂಮುಕ್ಕಾಲು ಗಂಟೆ. 48000, 24 ಬಿಟ್‌ನಲ್ಲಿ ನಾಲ್ಕು ಗಂಟೆ ಚಿಲ್ಲರೆ. ಕಂಪ್ಯೂಟರಿನಲ್ಲಿ ತುಂಡುಗಳನ್ನು ಜೋಡಿಸಿ ಒಂದೇ ವೇವ್ ಮಾಡಿದರೆ ಕೊನೆಯ ಪ್ರಸಂಗ ಕಾಣೆಯಾಗುವುದು ಇದರಿಂದಲೇ. ಫ್ಲ್ಯಾಕ್‌ನಲ್ಲಿ ಉಳಿಸಿ.

## ಹಂತ 5: ದೋಷದ ಜಾತಿ ಗುರುತಿಸಿ

ಆಡಾಸಿಟಿಯಲ್ಲಿ ಟ್ರ್ಯಾಕ್ ಹೆಸರಿನ ಪಕ್ಕದ ಮೆನು ತೆರೆದು ‘ಸ್ಪೆಕ್ಟ್ರೋಗ್ರಾಮ್’ ಆಯ್ಕೆ ಮಾಡಿ. ಇದರಲ್ಲಿ ತಗ್ಗು ಸ್ವರ ಕೆಳಗೆ, ಏರು ಸ್ವರ ಮೇಲೆ ಕಾಣುತ್ತದೆ. ಪಟ್ ಎಂಬುದು ಕೆಳಗಿನಿಂದ ಮೇಲಿನವರೆಗೆ ನಿಂತ ತೆಳು ಗೆರೆ. ಗುಂಯ್ ಎಂಬುದು ತಳದಲ್ಲಿ ಮಲಗಿದ ಉದ್ದ ಗೆರೆ. ಇದೊಂದು ನೋಟ ಅರ್ಧ ಗೊಂದಲ ಕಳೆಯುತ್ತದೆ.

ಪಟ್: ಅಲೆಯಲ್ಲಿ ಮುಳ್ಳಿನಂತೆ ಒಂದೆರಡು ಸ್ಯಾಂಪಲ್ ಎದ್ದಿರುತ್ತದೆ. ತುಂಡಾಗಿ ಹಾರುವುದು: ಅಲೆ ಮೇಲಿದ್ದದ್ದು ಒಮ್ಮೆಗೇ ಕೆಳಗೆ ಬೀಳುತ್ತದೆ, ಮೆಟ್ಟಿಲಿನಂತೆ. ರೆಕಾರ್ಡ್ ಮಾಡುವಾಗ ಕಂಪ್ಯೂಟರ್ ಒಂದಿಷ್ಟು ಸ್ಯಾಂಪಲ್ ಕಳೆದುಕೊಂಡಿದೆ. ತಾಳ ಹಾಕುತ್ತ ಕೇಳಿದರೆ ಅಲ್ಲಿ ಅಕ್ಷರವೊಂದು ಚಿಕ್ಕದಾದದ್ದು ಗೊತ್ತಾಗುತ್ತದೆ. ಕಳೆದದ್ದನ್ನು ಯಾವ ಎಫೆಕ್ಟೂ ತರಲಾರದು. ಕರಕರ: ಜೋರಾದ ಸ್ವರದಲ್ಲಿ ಮಾತ್ರ ಬಂದರೆ ಅಲೆಯ ತಲೆ ಕತ್ತರಿಸಿದಂತೆ ಚಪ್ಪಟೆಯಾಗಿರುತ್ತದೆ. ‘ವ್ಯೂ’ ಮೆನುವಿನ ‘ಶೋ ಕ್ಲಿಪಿಂಗ್’ ಒತ್ತಿದರೆ ಕೆಂಪು ಗೆರೆ ಕಾಣುತ್ತದೆ. ಮೈಕ್‌ನಲ್ಲೇ ಹರಿದ ದನಿಯನ್ನು ಆಮೇಲೆ ತಗ್ಗಿಸಿದ್ದರೆ ಕೆಂಪು ಗೆರೆ ಬರುವುದಿಲ್ಲ, ಚಪ್ಪಟೆ ತಲೆ ಮಾತ್ರ ಇರುತ್ತದೆ. ಕಣ್ಣಿನಿಂದಲೇ ನೋಡಬೇಕು.

ಶ್ರುತಿಯೇ ಕೆಳಗಿಳಿದಿದೆಯೇ? 48000ದಲ್ಲಿ ಹಿಡಿದದ್ದನ್ನು 44100 ಎಂದು ನುಡಿಸಿದರೆ ಹಾಡು ಸುಮಾರು ಒಂದೂವರೆ ಸ್ವರಸ್ಥಾನ ಕೆಳಗೆ, ನಿಧಾನವಾಗಿ ಕೇಳುತ್ತದೆ. ಟ್ರ್ಯಾಕ್ ಮೆನುವಿನ ‘ರೇಟ್’ನಲ್ಲಿ 48000 ಮಾಡಿ. ‘ರೀಸ್ಯಾಂಪಲ್’ ಒತ್ತುವುದು ಇಲ್ಲಿನ ಮಾಮೂಲಿ ತಪ್ಪು. ಅದು ತಪ್ಪು ಶ್ರುತಿಯನ್ನೇ ಜೋಪಾನವಾಗಿ ಉಳಿಸುತ್ತದೆ.

## ಹಂತ 6: ತಿದ್ದುವುದು

### ಒಂಟಿ ಪಟ್

ಸ್ಯಾಂಪಲ್‌ಗಳು ಚುಕ್ಕಿಗಳಾಗಿ ಕಾಣುವವರೆಗೆ ಹಿಗ್ಗಿಸಿ. ಮುಳ್ಳನ್ನೂ ಅದರ ಅಕ್ಕಪಕ್ಕದ ಒಂದೆರಡು ಚುಕ್ಕಿಯನ್ನೂ ಆಯ್ದು ‘ಎಫೆಕ್ಟ್, ನಾಯ್ಸ್ ರಿಮೂವಲ್ ಆ್ಯಂಡ್ ರಿಪೇರ್, ರಿಪೇರ್’. ಇದು ಒಮ್ಮೆಗೆ ಗರಿಷ್ಠ 128 ಸ್ಯಾಂಪಲ್ ಮಾತ್ರ ಒಪ್ಪುತ್ತದೆ, ಅಂದರೆ 44100ರಲ್ಲಿ 3 ಮಿಲಿಸೆಕೆಂಡಿಗೂ ಕಡಿಮೆ. ಹತ್ತಿಪ್ಪತ್ತು ಪಟ್ ಇರುವ ಫೈಲ್‌ಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಬೇಸರದ ಕೆಲಸ ನಿಜ, ಆದರೆ ಉಳಿದ ದನಿಯನ್ನು ಮುಟ್ಟುವುದಿಲ್ಲ.

### ನೂರಾರು ಪಟ್

‘ಕ್ಲಿಕ್ ರಿಮೂವಲ್’ ಬಳಸಿ. ಥ್ರೆಶೋಲ್ಡ್ 200, ಸ್ಪೈಕ್ ವಿಡ್ತ್ 20 ಮೊದಲೇ ಇರುತ್ತವೆ. ಥ್ರೆಶೋಲ್ಡ್ ಇಳಿಸಿದಷ್ಟೂ ಹೆಚ್ಚು ಹಿಡಿಯುತ್ತದೆ. ಆಯ್ಕೆ 4096 ಸ್ಯಾಂಪಲ್‌ಗಿಂತ ಚಿಕ್ಕದಿದ್ದರೆ ಕೆಲಸ ಮಾಡದು, ಹೀಗಾಗಿ ಪಟ್ ಇರುವ ಎರಡು ಮೂರು ಸೆಕೆಂಡ್ ಆಯ್ದುಕೊಳ್ಳಿ.

ಎಚ್ಚರ ಬೇಕಾದದ್ದು ಇಲ್ಲೇ. ಈ ಎಫೆಕ್ಟ್‌ಗೆ ಪಟ್ ಯಾವುದು, ಚಂಡೆಯ ಪೆಟ್ಟು ಯಾವುದು ಎಂದು ತಿಳಿಯದು. ಚಂಡೆ, ಮೋರ್ಸಿಂಗ್, ತಾಳ, ವೀಣೆಯ ಮೀಟು ಎಲ್ಲವೂ ಚೂಪಾಗಿಯೇ ಶುರುವಾಗುತ್ತವೆ. ಇಡೀ ಫೈಲ್ ಮೇಲೆ ಓಡಿಸಿದರೆ ಚಂಡೆಗೆ ಬಟ್ಟೆ ಹೊದಿಸಿದಂತಾಗುತ್ತದೆ. ಹಿಗ್ಗಿಸಿ ನೋಡಿದರೆ ವ್ಯತ್ಯಾಸ ಸ್ಪಷ್ಟ: ಚಂಡೆಯ ಪೆಟ್ಟು ಚೂಪಾಗಿ ಎದ್ದು, ಆಮೇಲೆ ಹತ್ತಾರು ಮಿಲಿಸೆಕೆಂಡ್ ಕಾಲ ಅಲೆಅಲೆಯಾಗಿ ಇಳಿಯುತ್ತದೆ. ಪಟ್‌ಗೆ ಬಾಲ ಇಲ್ಲ. ಎದ್ದಲ್ಲೇ ಸಾಯುತ್ತದೆ, ಎಷ್ಟೋ ಸಲ ಒಂದೇ ಚಾನೆಲ್‌ನಲ್ಲಿ ಮಾತ್ರ ಇರುತ್ತದೆ.

### ಹಾರಿಹೋದ ತುಣುಕು

ಮೆಟ್ಟಿಲನ್ನು ನುಣುಪಾಗಿಸಬಹುದು ಅಷ್ಟೆ. ಮೆಟ್ಟಿಲಿರುವಲ್ಲಿ ಕ್ಲಿಪ್ ತುಂಡರಿಸಿ, ಎರಡು ತುದಿಗಳನ್ನು 5ರಿಂದ 10 ಮಿಲಿಸೆಕೆಂಡ್ ಒಂದರ ಮೇಲೊಂದು ತಂದು, ಒಂದು ತಗ್ಗುತ್ತ ಇನ್ನೊಂದು ಏರುವಂತೆ ಕ್ರಾಸ್‌ಫೇಡ್ ಮಾಡಿ. ದೊಡ್ಡ ತುಣುಕೇ ಹೋಗಿದ್ದರೆ, ಪಲ್ಲವಿ ಮತ್ತೆ ಬರುವ ಕಡೆಯಿಂದ ಅದೇ ಸಾಲನ್ನು ತಂದು ಕೂರಿಸಬಹುದು. ಭಜನೆಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಕಛೇರಿಯಲ್ಲಿ ಗಾಯಕರು ಪ್ರತಿ ಸಲ ಹೊಸ ಸಂಗತಿ ಹಾಕುವುದರಿಂದ ಬೆಸುಗೆ ಬಯಲಾಗುತ್ತದೆ. ದಾಖಲೆಯಾಗಿ ಉಳಿಸುವ ಧ್ವನಿಯಲ್ಲಂತೂ ಹೀಗೆ ಮಾಡಬೇಡಿ, ಖಾಲಿ ಖಾಲಿಯಾಗಿಯೇ ಇರಲಿ.

ನೀವೇ ಕತ್ತರಿಸಿದ ಜಾಗದಲ್ಲಿ ಹೊಸ ಪಟ್ ಹುಟ್ಟಿದರೆ, ಅಲೆ ಸೊನ್ನೆಯ ಗೆರೆಯಲ್ಲಿ ಇಲ್ಲದಾಗ ಕತ್ತರಿಸಿದ್ದೀರಿ. ಆಯ್ದ ಮೇಲೆ ಝಡ್ ಕೀ ಒತ್ತಿ; ಆಯ್ಕೆಯ ಅಂಚು ಹತ್ತಿರದ ಸೊನ್ನೆಗೆ ಸರಿಯುತ್ತದೆ.

### ಹರಿದ ದನಿ

‘ಕ್ಲಿಪ್ ಫಿಕ್ಸ್’ ಚಪ್ಪಟೆ ತಲೆಗೆ ಊಹೆಯ ತುದಿ ಕಟ್ಟುತ್ತದೆ. ಥ್ರೆಶೋಲ್ಡ್ 95 ಶೇಕಡಾ, ಆಂಪ್ಲಿಟ್ಯೂಡ್ ಮೈನಸ್ 9 ಡಿಬಿ ಎಂಬ ಮೊದಲ ಆಯ್ಕೆಯೇ ಸಾಕು. ಕಟ್ಟಿದ ತುದಿಗೆ ಮೇಲೆ ಜಾಗ ಬೇಕಾದ್ದರಿಂದ ದನಿ ತಗ್ಗುತ್ತದೆ, ಗಾಬರಿ ಬೇಡ. ಅಲ್ಲಲ್ಲಿ ಹರಿದದ್ದು ಕೂಡಿಕೊಳ್ಳುತ್ತದೆ. ಉದ್ದಕ್ಕೂ ಹರಿದದ್ದಕ್ಕೆ ಮದ್ದಿಲ್ಲ. ಕ್ಯಾಸೆಟ್ ಇನ್ನೂ ಕೈಯಲ್ಲಿದ್ದರೆ ಜೋರು ಭಾಗದಲ್ಲಿ ಮೀಟರ್ ಮೈನಸ್ 6 ಡಿಬಿ ದಾಟದಂತೆ ಇಟ್ಟು ಮತ್ತೆ ಇಳಿಸಿ.

### ಗುಂಯ್

ನಮ್ಮ ಕರೆಂಟು 50 ಹರ್ಟ್ಸ್. ಹಾಗಾಗಿ ಗುಂಯ್ ಇರುವುದು 50, 100, 150ರಲ್ಲಿ. ‘ನಾಚ್ ಫಿಲ್ಟರ್’ ಆಡಾಸಿಟಿಯಲ್ಲಿ 60 ಎಂದು ತೆರೆಯುತ್ತದೆ, ಅದು ಅಮೆರಿಕದ ಲೆಕ್ಕ. 50 ಎಂದು ತಿದ್ದಿ. ಕ್ಯೂ ಬೆಲೆಯನ್ನು 10ರ ಸುತ್ತ ಇಡಿ, ಆಗ ಕಿರಿದಾದ ಪಟ್ಟಿ ಮಾತ್ರ ಹೋಗುತ್ತದೆ. 1ರಲ್ಲೇ ಬಿಟ್ಟು 100, 150ಕ್ಕೂ ಹಾಕಿದರೆ ಗಂಡುದನಿಯ ತಂಬೂರಿಯ ಮಂದ್ರವೂ ಮೃದಂಗದ ಎಡಗೈ ಗುಂಕಾರವೂ ಜೊತೆಗೆ ಹೋಗುತ್ತವೆ.

## ಹಂತ 7: ಉಳಿಸಿ, ತಾಳೆ ನೋಡಿ

ತಿದ್ದುತ್ತಿರುವಷ್ಟು ದಿನ ಆಡಾಸಿಟಿ ಪ್ರಾಜೆಕ್ಟ್ ಆಗಿಯೇ ಇರಲಿ. ಎಂಪಿ3 ಆಗಿ ಉಳಿಸಿ, ಮರುದಿನ ಅದನ್ನೇ ತೆರೆದು ತಿದ್ದಿ, ಮತ್ತೆ ಎಂಪಿ3 ಮಾಡಿದರೆ ಸಲಸಲಕ್ಕೂ ದನಿ ಸವೆಯುತ್ತದೆ. ಕೆಲಸ ಮುಗಿದ ಮೇಲೆ ಒಂದು ಫ್ಲ್ಯಾಕ್ ಇಡಲು, ಬೇಕಿದ್ದರೆ ಒಂದು ಎಂಪಿ3 ಹಂಚಲು. ಎಂಪಿ3ಯ ಹಿಂದು ಮುಂದು ಕತ್ತರಿಸುವುದಷ್ಟೇ ಕೆಲಸವಾದರೆ ಎಂಪಿ3ಡೈರೆಕ್ಟ್‌ಕಟ್ ಎಂಬ ತಂತ್ರಾಂಶ ಮತ್ತೆ ಎನ್‌ಕೋಡ್ ಮಾಡದೆಯೇ ಫ್ರೇಮ್ ಲೆಕ್ಕದಲ್ಲಿ ಕತ್ತರಿಸುತ್ತದೆ.

ಹೊಸ ಫೈಲನ್ನು ಫೂಬಾರ್‌ನಲ್ಲಿ ಮತ್ತೊಮ್ಮೆ ವೆರಿಫೈ ಮಾಡಿ. ಹಂತ 2ರಲ್ಲಿ ಬರೆದ ಕಾಗದ ತೆಗೆದು ಆ ಮೂರು ಜಾಗಗಳನ್ನು ಇಯರ್‌ಫೋನ್‌ನಲ್ಲಿ ಕೇಳಿ. ಒಟ್ಟು ಅವಧಿಯನ್ನು ಮೂಲದೊಂದಿಗೆ ಹೋಲಿಸಿ. ನೀವು ಕತ್ತರಿಸಿದ್ದಕ್ಕಿಂತ ಹೆಚ್ಚು ಸೆಕೆಂಡ್ ಕಡಿಮೆಯಾಗಿದ್ದರೆ ಎಲ್ಲೋ ಒಂದು ತುಂಡು ಗೊತ್ತಿಲ್ಲದೆ ಅಳಿಸಿಹೋಗಿದೆ. ‘ಮೂಲ’ ಫೋಲ್ಡರನ್ನು ಈಗಲೂ ಅಳಿಸಬೇಡಿ.